ಮಣ್ಣಿನ ಕೋರ್ಟು ಅಗೆದು ಹಾಕಿದ್ರು

ಬೆಳಿಗ್ಗೆ ಟೆನಿಸ್ ಕ್ಲಬ್ಬಿಗೆ ಹೋದ್ರೆ ಕೋರ್ಟಿನ ನಡುವೆ ಜೆಸಿಬಿ ನಿಂತಿತ್ತು. ಪುಣೆಗೆ ಬಂದಾಗಿಂದ ನಾನು ಆಡ್ತಿರೋ ಕೊನೇ ಮಣ್ಣಿನ ಕೋರ್ಟನ್ನೂ ಅಗೆದಿದಾರೆ, ನೀಲಿ ಸಿಂಥೆಟಿಕ್ ಹಾಕ್ತಾರಂತೆ. ಸಿಟ್ಟು ಇನ್ನೂ ಇಳಿದಿಲ್ಲ.

ನಿಮಗೆ ಗೊತ್ತಲ್ಲ, ಮೇ ಕೊನೆ ಬಂತಂದ್ರೆ ನಮ್ಮನೆ ಟೀವಿಲಿ ಮಣ್ಣಿನ ಕೋರ್ಟಲ್ಲೇ ಆಡೋ ಫ್ರೆಂಚ್ ಓಪನ್ ಒಂದೇ. ಕ್ಲಬ್ ಕಮಿಟಿಯವರೂ ನೋಡ್ತಾರೆ, ನಡಾಲ್ 14 ಸಲ ಗೆದ್ದಿದ್ದನ್ನ ಬಾಯ್ತುಂಬ ಹೊಗಳ್ತಾರೆ, ಆದ್ರೆ ಮಣ್ಣು ಬೇಡ! 1891ರಲ್ಲಿ ಶುರುವಾದಾಗ ಆ ಟೂರ್ನಿ ಫ್ರೆಂಚ್ ಕ್ಲಬ್ಬುಗಳ ಸದಸ್ಯರಿಗಷ್ಟೇ ಇತ್ತು, ಹೊರದೇಶದವರಿಗೆ ಬಾಗಿಲು ತೆಗೆದಿದ್ದು 1925ರಲ್ಲಿ. 1927ರಲ್ಲಿ ಫ್ರಾನ್ಸಿನ ಲಕೋಸ್ಟ್, ಕೋಶೆ, ಬೊರೊತ್ರಾ, ಬ್ರುನ್ಯೋಂ ಸೇರಿ ಅಮೆರಿಕದವರಿಂದ ದೇಶ-ದೇಶಗಳ ತಂಡ ಆಡೋ ಡೇವಿಸ್ ಕಪ್ ಕಿತ್ಕೊಂಡು ಬಂದ್ರು, ಮರುವರ್ಷ ಅದನ್ನ ಉಳಿಸ್ಕೊಳ್ಳೋ ಮ್ಯಾಚಿಗೆ ಅಂತಾನೇ ಪ್ಯಾರಿಸಲ್ಲಿ ಈಗ ಫ್ರೆಂಚ್ ಓಪನ್ ನಡೆಯೋ ಸ್ಟೇಡಿಯಂ ಕಟ್ಟಿ, ಮೊದಲ ಮಹಾಯುದ್ಧದಲ್ಲಿ ಸತ್ತ ಪೈಲಟ್ ರೊಲ್ಯಾಂಡ್ ಗ್ಯಾರೋಸ್ ಹೆಸರಿಟ್ರು. 1968ರಲ್ಲಿ ಪ್ರೊಫೆಷನಲ್ ಆಟಗಾರರನ್ನ ಸೇರಿಸ್ಕೊಂಡ ಮೊದಲ ಗ್ರ್ಯಾಂಡ್ ಸ್ಲಾಮ್ (ಟೆನಿಸ್ಸಿನ ನಾಲ್ಕು ದೊಡ್ಡ ಟೂರ್ನಿಗಳಲ್ಲೊಂದು) ಫ್ರೆಂಚ್ ಓಪನ್ನೇ. 2020ರಲ್ಲಿ ದೊಡ್ಡ ಕೋರ್ಟಿಗೆ ಚಾವಣಿನೂ ಬಂತು. ಮಣ್ಣನ್ನ ಮಾತ್ರ ಬಿಡಲಿಲ್ಲ. ಜಲ್ಲಿ, ಸುಣ್ಣಕಲ್ಲಿನ ಪದರದ ಮೇಲೆ ಒಂದೆರಡು ಮಿಲಿಮೀಟರ್ ಇಟ್ಟಿಗೆ ಪುಡಿ, ಅಷ್ಟರ ಮೇಲೇ ಆ ಆಟ ನಿಂತಿದೆ.

ನಮ್ಮವರ ಮೊದಲ ಗ್ರ್ಯಾಂಡ್ ಸ್ಲಾಮ್ ಬಂದಿದ್ದೂ ಅಲ್ಲೇ, 1997ರಲ್ಲಿ ಮಹೇಶ್ ಭೂಪತಿ ಜಪಾನಿನ ರೀಕಾ ಹಿರಾಕಿ ಜೊತೆ ಮಿಕ್ಸೆಡ್ ಡಬಲ್ಸ್ ಗೆದ್ದಾಗ. 2017ರಲ್ಲಿ ನಮ್ಮ ಕೊಡಗಿನ ಬೋಪಣ್ಣ, ಇನ್ನೊಂದು ಪಾಯಿಂಟ್ ಹೋದ್ರೆ ಸೋಲು ಅನ್ನೋ ಹಂತದಿಂದ ಎರಡು ಸಲ ಪಾರಾಗಿ, ಅಲ್ಲೇ ಮಿಕ್ಸೆಡ್ ಡಬಲ್ಸ್ ಗೆದ್ದ, ಆ ಫೈನಲ್ ಮುಗಿದಾಗ ನಾನು, ಕೋರ್ಟ್ ನೋಡ್ಕೊಳ್ಳೋ ನಮ್ಮ ಮಾರ್ಕರ್ ಕಾಕಾ ಇಬ್ಬರೂ ಬೆಂಚಿನ ಮೇಲೆ ಕೂತು ಅತ್ತಿದೀವಿ.

ಮಳೆಗಾಲದಲ್ಲಿ ನಾಲ್ಕು ತಿಂಗಳು ಬಂದ್, ದಿನಾ ನೀರು ಹೊಡೀಬೇಕು, ರೋಲರ್ ಎಳೀಬೇಕು, ಖರ್ಚು ಅಂತಾರೆ ಕಮಿಟಿಯವರು. ಪ್ಯಾರಿಸಲ್ಲಿ ಮಳೆ ಬರಲ್ವಾ? ಅಲ್ಲೂ ಟಾರ್ಪಾಲ್ ಎಳೀತಾರೆ, ಬಿಸಿಲು ಬಂದ್ರೆ ನೀರು ಹೊಡೀತಾರೆ. ಮನಸ್ಸಿಲ್ಲ ಅಂತ ಹೇಳ್ಲಿ, ಒಪ್ತೀನಿ.

ಮನೇಲೂ ಹೇಳದ ಮಾತು ಒಂದಿದೆ. ಮಂಡಿ ಸವೆದಿದೆ, ಸಿಂಥೆಟಿಕ್ ಥರದ ಗಟ್ಟಿ ಕೋರ್ಟಲ್ಲಿ ಆಡ್ಬೇಡಿ ಅಂದಿದಾರೆ ಡಾಕ್ಟರು. ಅಂದ್ರೆ ಇವತ್ತಿಗೆ ನನ್ನ ಆಟ ಮುಗೀತು.

ಕಾಕಾ ವಿಜಯಪುರದ ಕಡೆಯವರು, ಲೈನಿನ ಹತ್ರ ಬಾಲ್ ಬಿದ್ರೆ ಓಡಿ ಬಂದು ಮಣ್ಣಲ್ಲಿ ಬೆರಳಿಟ್ಟು "ಅಚ್ಚು ನೋಡ್ರಿ ಸರ, ಒಳಗೈತಿ" ಅನ್ನೋರು, ಜಗಳ ಅಲ್ಲಿಗೇ ಮುಗೀತಿತ್ತು. ಇವತ್ತು ಕೋರ್ಟಿಗೆ ಎಳೆಯೋ ಗೋಣಿಚೀಲ ಮಡಚಿ ಕಂಕುಳಲ್ಲಿ ಇಟ್ಕೊಂಡು ನಿಂತಿದ್ರು. "ಇನ್ನ ರೋಲರ್ ಬೇಡಲ್ರಿ, ನಾ ಏನ್ ಮಾಡ್ಲಿ ಸರ?" ಅಂದ್ರು. ನಂಗೆ ಉತ್ತರ ಹೊಳೀಲಿಲ್ಲ.

ಭಾನುವಾರ ಹತ್ತಕ್ಕೆ ಕಮಿಟಿ ಮೀಟಿಂಗ್. ಅಗೆದ ಮಣ್ಣು ಗೋಡೆ ಪಕ್ಕ ರಾಶಿ ಬಿದ್ದಿದೆ, ಇನ್ನೂ ಲಾರಿಗೆ ಹಾಕಿಲ್ಲ. ಸದಸ್ಯರು ಯಾರಿದೀರೋ ದಯವಿಟ್ಟು ಬನ್ನಿ.