ಸಿಕಲ್ ಸೆಲ್ ಪತ್ತೆ ಮತ್ತು ಮೈಕ್ರೋಫ್ಲೂಯಿಡಿಕ್ ಚಿಪ್: ಸ್ಪಷ್ಟನೆ
‘ಮೈಕ್ರೋಫ್ಲೂಯಿಡಿಕ್ ಚಿಪ್‌ನಲ್ಲಿ ರಕ್ತಕಣಗಳು ಅಂಟಿಕೊಂಡರೆ ಸಿಕಲ್ ಸೆಲ್ ಕಾಯಿಲೆ ಖಚಿತ, ಬೇರೆ ಪರೀಕ್ಷೆ ಬೇಡ’ ಎಂದು ವಾಟ್ಸ್ಆ್ಯಪ್‌ನಲ್ಲಿ ಹರಿದಾಡುತ್ತಿರುವ ಸಂದೇಶ ಸರಿಯಲ್ಲ. ಸಿಕಲ್ ಸೆಲ್ ಎಂದರೆ ಕೆಂಪು ರಕ್ತಕಣಗಳು ಕುಡುಗೋಲಿನ ಆಕಾರಕ್ಕೆ ತಿರುಗುವ ಆನುವಂಶಿಕ ಕಾಯಿಲೆ. ಚಿಪ್ ಎಂಬ ಪುಟ್ಟ ಫಲಕದಲ್ಲಿರುವ, ಕೂದಲೆಳೆಯಷ್ಟು ಕಿರಿದಾದ ನಾಳದ ಒಳಗೋಡೆಗೆ ಲ್ಯಾಮಿನಿನ್‌ನಂಥ ಪ್ರೋಟೀನು ಲೇಪಿಸಿ, ರಕ್ತವನ್ನು ನಿಗದಿತ ವೇಗದಲ್ಲಿ ಹರಿಸಿ, ಬಳಿಕ ದ್ರಾವಣದಿಂದ ತೊಳೆದರೂ ಕದಲದೆ ಉಳಿದ ಕಣಗಳನ್ನು ಸೂಕ್ಷ್ಮದರ್ಶಕದಡಿ ಎಣಿಸುವ ಸಂಶೋಧನಾ ವಿಧಾನವಿದು. ಹರಿವಿನ ವೇಗ, ಆಮ್ಲಜನಕದ ಮಟ್ಟ, ರೋಗಿ ಇತ್ತೀಚೆಗೆ ರಕ್ತ ಪಡೆದಿದ್ದಾರೆಯೇ ಎಂಬುದನ್ನೆಲ್ಲ ಅವಲಂಬಿಸಿ ಆ ಎಣಿಕೆ ಬದಲಾಗುತ್ತದೆ. ತಕ್ಕ ಪ್ರೋಟೀನು ಸಿಕ್ಕರೆ ಆರೋಗ್ಯವಂತರ ಬಿಳಿ ರಕ್ತಕಣಗಳೂ ಅಂಟುತ್ತವೆ. ಕಾಯಿಲೆಯನ್ನು ಖಚಿತಪಡಿಸಲು ಬಳಸುವುದು ರಕ್ತದ ಹಿಮೋಗ್ಲೋಬಿನ್ ಬಗೆಗಳನ್ನು ಬೇರ್ಪಡಿಸಿ, ಈ ಕಾಯಿಲೆಗೆ ಕಾರಣವಾದ ಅಸಹಜ ಬಗೆಯಾದ ‘ಹಿಮೋಗ್ಲೋಬಿನ್ ಎಸ್’ ಅನ್ನು ಗುರುತಿಸುವ ಎಚ್‌ಪಿಎಲ್‌ಸಿ ಅಥವಾ ಎಲೆಕ್ಟ್ರೋಫೊರೆಸಿಸ್‌ನಂಥ ಪರೀಕ್ಷೆಗಳನ್ನು. ಚಾಮರಾಜನಗರ, ಮೈಸೂರು ಭಾಗದ ಬುಡಕಟ್ಟು ಜನರಲ್ಲೂ ಈ ಕಾಯಿಲೆಯಿದ್ದು, ಇಂಥ ಮಾತು ನಂಬಿ ಯಾರೂ ತಪಾಸಣೆ ಕೈಬಿಡಬಾರದೆಂಬುದೇ ನನ್ನ ಕಳಕಳಿ. ದಯವಿಟ್ಟು ಆ ಸಂದೇಶವನ್ನು ಮುಂದಕ್ಕೆ ಕಳುಹಿಸಬೇಡಿ.