ನರ್ಸಿಂಗೋ, ಆರ್‌ಟಿಯೋ? ಅಣ್ಣನ ಮಗಳಿಗೆ ನಾನು ಹೇಳಬೇಕಿದ್ದ ಮಾತು

ನಮ್ಮಣ್ಣನ ಮಗಳು ಸೆಕೆಂಡ್ ಪಿಯುಸಿ ಮುಗಿಸಿದ್ದಾಳೆ. ಎಂಬಿಬಿಎಸ್ ಸೀಟು ಸಿಗುವಷ್ಟು ಅಂಕ ನೀಟ್‌ನಲ್ಲಿ ಬರಲಿಲ್ಲ. ಹೋದ ಭಾನುವಾರ ಅಪ್ಪ ಮಗಳು ಜಗಳೂರಿನಿಂದ ದಾವಣಗೆರೆಗೆ ಬಂದಿದ್ದರು. "ಅತ್ತೆ, ಬಿಎಸ್ಸಿ ನರ್ಸಿಂಗ್ ಸೇರ್ಲಾ, ರೆಸ್ಪಿರೇಟರಿ ಕೇರ್ ಸೇರ್ಲಾ?" ಅಂತ ಕೇಳಿದಳು. ರೆಸ್ಪಿರೇಟರಿ ಕೇರ್ ಅಂದರೆ ಉಸಿರಾಟದ ಚಿಕಿತ್ಸೆಯ ಕೋರ್ಸ್, ಅದನ್ನು ಓದಿದವರು ರೆಸ್ಪಿರೇಟರಿ ಥೆರಪಿಸ್ಟ್, ಚಿಕ್ಕದಾಗಿ ಆರ್‌ಟಿ. ನಾನು ಬಾಯಿ ತೆರೆಯುವ ಮೊದಲೇ ಅಣ್ಣ ಹೇಳಿದ: "ನರ್ಸಿಂಗ್ ಬ್ಯಾಡ ಬಿಡವ್ವ. ಮಂದಿ ಹೇಲು ಉಚ್ಚೆ ಬಳಿಯೋದು ನಿನಗೇ ಸಾಕಾಗೈತಿ. ಇವಳು ಮಷೀನ್ ಮುಂದೆ ನಿಂತು ಕೆಲಸ ಮಾಡ್ಲಿ."

ನಾನು ಹದಿನಾಲ್ಕು ವರ್ಷದಿಂದ ಸ್ಟಾಫ್ ನರ್ಸ್. ಅದರಲ್ಲಿ ಒಂಬತ್ತು ವರ್ಷ ಐಸಿಯುನಲ್ಲೇ. ಅಣ್ಣ ನನ್ನ ಮೇಲಿನ ಪ್ರೀತಿಗೇ ಹಾಗಂದ, ಗೊತ್ತು. ಆದರೂ ಚುಚ್ಚಿತು. ಅವತ್ತು ಸುಮ್ನೆ ಟೀ ಕೊಟ್ಟು ಕಳಿಸಿದೆ. ಈಗ ಬರೆಯುತ್ತಿದ್ದೇನೆ. ಇದೇ ಕಾರಣಕ್ಕೆ ಆರ್‌ಟಿ ಹಿಡಿಯುವ ಮಕ್ಕಳು ನಮ್ಮ ಕಡೆ ಇನ್ನೂ ಇದ್ದಾರೆ.

ಒಂದು ರಾತ್ರಿಯ ಮಾತು ಹೇಳುತ್ತೇನೆ. ಎಪ್ಪತ್ತರ ಆಸುಪಾಸಿನ ಅಜ್ಜಿ. ಮೂವತ್ತು ವರ್ಷ ಮಂಡಕ್ಕಿ ಭಟ್ಟಿಯಲ್ಲಿ ಒಲೆ ಮುಂದೆ ದುಡಿದ ಜೀವ. ನಮ್ಮೂರಿನ ಮಂಡಕ್ಕಿ ಎಲ್ಲರಿಗೂ ಗೊತ್ತು. ಆ ಹೊಗೆ ಕುಡಿದವರ ಎದೆ ಏನಾಯಿತು ಅಂತ ಕೇಳುವವರು ಕಡಿಮೆ. ದಮ್ಮು ಹೆಚ್ಚಾಗಿ, ಒಂದು ಮಾತು ಮುಗಿಸಲು ಮೂರು ಸಲ ಉಸಿರು ಎಳೆಯುತ್ತಿದ್ದಳು. ರಕ್ತದಲ್ಲಿನ ಗ್ಯಾಸ್ ಅಳೆಯುವ ಎಬಿಜಿ ರಿಪೋರ್ಟ್ ಬಂತು. ಪಿಎಚ್ 7.24, ಅಂದರೆ ರಕ್ತ ಆಮ್ಲೀಯವಾಗಿತ್ತು. ಅದು 7.35ಕ್ಕಿಂತ ಮೇಲಿರಬೇಕು. ಕಾರ್ಬನ್ ಡೈಆಕ್ಸೈಡ್ 45 ದಾಟಬಾರದು, ಅವಳಿಗೆ 78 ಇತ್ತು.

ಡಾಕ್ಟರ್ ಬೈಪ್ಯಾಪ್, ಅಂದರೆ ಮಾಸ್ಕ್ ಮೂಲಕ ಒತ್ತಡದಲ್ಲಿ ಗಾಳಿ ಕೊಡುವ ಮಷೀನ್, ಹಾಕಲು ಹೇಳಿದರು. ಅಜ್ಜಿಗೆ ಹಲ್ಲಿಲ್ಲ. ಕೆನ್ನೆ ಒಳಗೆ ಹೋಗಿ ಮಾಸ್ಕ್ ಸುತ್ತ ಗಾಳಿ ಸೋರುತ್ತಿತ್ತು, ಮಷೀನ್ ಒಂದೇ ಸಮ ಕೂಗುತ್ತಿತ್ತು. ನಮ್ಮ ಆರ್‌ಟಿ ಹುಡುಗ ಬೆಲ್ಟ್ ಬಿಗಿದು ಹೋಗಿಬಿಡಬಹುದಿತ್ತು. ಹೋಗಲಿಲ್ಲ. ಬೇರೆ ಸೈಜಿನ ಮಾಸ್ಕ್ ತಂದ. ಬೆಲ್ಟ್ ಹಾಕದೆ ಕೈಯಲ್ಲೇ ಹಿಡಿದುಕೊಂಡು, "ಅಜ್ಜಿ, ಗಾಳಿ ಬಂದಾಗ ಎಳ್ಕೊಳ್ರಿ, ಅದರ ಜೊತೆ ಗುದ್ದಾಡಬ್ಯಾಡ್ರಿ" ಅನ್ನುತ್ತಾ ಇಪ್ಪತ್ತು ನಿಮಿಷ ಪಕ್ಕದಲ್ಲೇ ನಿಂತ. ಮಗ ಬಂದು "90 ತೋರಿಸ್ತೈತಿ, ಆಕ್ಸಿಜನ್ ಜಾಸ್ತಿ ಬಿಡ್ರಿ ಸಾರ್" ಅಂತ ಗಾಬರಿಯಾದ. ಹೊಗೆಯಿಂದ ಬರುವ ಈ ಸಿಒಪಿಡಿ ಕಾಯಿಲೆಗೆ ರಕ್ತದ ಆಕ್ಸಿಜನ್ 88ರಿಂದ 92 ಪರ್ಸೆಂಟ್ ಇದ್ದರೆ ಸಾಕು, ಜಾಸ್ತಿ ಬಿಟ್ಟರೆ ಒಳಗಿನ ಕಾರ್ಬನ್ ಡೈಆಕ್ಸೈಡ್ ಇನ್ನೂ ಏರಬಹುದು ಅಂತ ಅವನಿಗೂ ತಾಳ್ಮೆಯಿಂದ ಬಿಡಿಸಿ ಹೇಳಿದ.

ಇಷ್ಟಾದರೂ ಅಜ್ಜಿ ಮಾಸ್ಕ್ ಕಿತ್ತು ಹಾಕುತ್ತಿದ್ದಳು. ನಾನು ಹೊದಿಕೆ ಸರಿಸಿ ನೋಡಿದೆ. ಹಾಸಿಗೆ ಒದ್ದೆಯಾಗಿತ್ತು. ಗಂಡು ಹುಡುಗನ ಮುಂದೆ ಹೇಳಲು ನಾಚಿಕೆ ಪಟ್ಟಿದ್ದಳು. ಪರದೆ ಎಳೆದು, ಆಯಾಮ್ಮನೂ ನಾನೂ ಸೇರಿ ಒರೆಸಿ, ಒಣ ಶೀಟ್ ಹಾಕಿ, ಬೆನ್ನಿಗೆ ದಿಂಬು ಕೊಟ್ಟು, ಒಣಗಿದ ತುಟಿಗೆ ಒದ್ದೆ ಗಾಜ್ ಸವರಿದೆವು. ನನ್ನ ಕೈ ಹಿಡಿದುಕೊಂಡಳು. ಮತ್ತೆ ಮಾಸ್ಕ್ ಮುಟ್ಟಲಿಲ್ಲ. ಒಂದು ಗಂಟೆ ಬಿಟ್ಟು ಪಿಎಚ್ 7.31ಕ್ಕೆ ಬಂತು.

ಅಣ್ಣ, ನೀನು ಬಳಿಯೋದು ಅಂದೆಯಲ್ಲ, ಅದು ಇದೇ.

ಆಮೇಲೆ ಅದೇ ಹುಡುಗ ಪಕ್ಕದ ಬೆಡ್ಡಿನಲ್ಲಿ ವೆಂಟಿಲೇಟರ್ ಮೇಲಿದ್ದವರ ಟ್ಯೂಬಿನಿಂದ ಕಫ ಸಕ್ಷನ್ ಮಾಡುತ್ತಿದ್ದ. ಕೆಮ್ಮಿದ ರಭಸಕ್ಕೆ ಅವನ ಏಪ್ರನ್ ಮೇಲೆಲ್ಲ ಸಿಡಿಯಿತು. ಹಾಗಾಗಿ ಹೊಲಸು ಮುಟ್ಟೋದು ತಪ್ಪುತ್ತೆ ಅಂತ ಆರ್‌ಟಿಗೆ ಹೋಗಬೇಡಿ. ತಪ್ಪಲ್ಲ. ನೈಟ್ ಡ್ಯೂಟಿಯೂ ತಪ್ಪಲ್ಲ.

ವ್ಯತ್ಯಾಸ ಇರುವುದು ಬೇರೆ ಕಡೆ. ಆರ್‌ಟಿ ಒಂದೇ ವಿಷಯವನ್ನು ಆಳಕ್ಕೆ ಹಿಡಿಯುತ್ತಾನೆ. ಐಸಿಯುನ ಅಷ್ಟೂ ಬೆಡ್ ಸುತ್ತಿ ಪ್ರತಿಯೊಬ್ಬರ ಉಸಿರು ನೋಡುತ್ತಾನೆ. ಯಾರಿಗೆ ಎಷ್ಟು ಪ್ರೆಷರ್ ಬೇಕು, ಯಾರನ್ನು ವೆಂಟಿಲೇಟರ್‌ನಿಂದ ಬಿಡಿಸಬಹುದು ಅಂತ ಡಾಕ್ಟರ್ ಜೊತೆ ಕೂತು ಲೆಕ್ಕ ಹಾಕುತ್ತಾನೆ. ನರ್ಸ್‌ಗೆ ಒಬ್ಬರೋ ಇಬ್ಬರೋ ರೋಗಿ, ಆದರೆ ಪೂರ್ತಿ ಮನುಷ್ಯ. ಔಷಧಿ, ಊಟ, ಗಾಯ, ಭಯ, ಹೊರಗೆ ಕಾಯುತ್ತಿರುವ ಮಗ, ಎಲ್ಲಾ ನಮ್ಮದೇ. ನಿನಗೆ ಯಾವುದು ಹಿಡಿಸುತ್ತೆ ಅಂತ ಅಣ್ಣನ ಮಗಳನ್ನು ಯಾರೂ ಕೇಳಲೇ ಇಲ್ಲ, ನಾನೂ ಕೇಳಲಿಲ್ಲ.

ಕೆಲಸದ ಮಾತಿಗೆ ಬಂದರೆ ನರ್ಸಿಂಗ್‌ಗೆ ಬಾಗಿಲು ಜಾಸ್ತಿ. ಪಿಎಚ್‌ಸಿಯಿಂದ ಹಿಡಿದು ಜಿಲ್ಲಾಸ್ಪತ್ರೆವರೆಗೆ ನರ್ಸ್ ಹುದ್ದೆ ಇದೆ. ಜಗಳೂರಲ್ಲೂ ಕೆಲಸ ಸಿಗಬಹುದು, ಹೊಳಲ್ಕೆರೆಯಲ್ಲೂ ಸಿಗಬಹುದು. ಆರ್‌ಟಿಗೆ ವೆಂಟಿಲೇಟರ್ ಇರುವ ದೊಡ್ಡ ಆಸ್ಪತ್ರೆಯೇ ಬೇಕು. ದಾವಣಗೆರೆಯಲ್ಲಿ ಒಂದಷ್ಟು ಇವೆ, ಉಳಿದಂತೆ ಬೆಂಗಳೂರು, ಮಂಗಳೂರು, ಮಣಿಪಾಲದ ಕಡೆ ಮುಖ ಮಾಡಬೇಕು. ಫಾರಿನ್ ಆಸೆ ಇದ್ದರೆ ಇದೂ ತಿಳಿದಿರಲಿ: ಅಮೆರಿಕ, ಕೆನಡಾ, ಸೌದಿಯಲ್ಲಿ ಆರ್‌ಟಿ ಅನ್ನೋದು ಪ್ರತ್ಯೇಕ ವೃತ್ತಿ. ಇಂಗ್ಲೆಂಡ್, ಜರ್ಮನಿಯಲ್ಲಿ ಆ ಕೆಲಸವನ್ನು ಹೆಚ್ಚಾಗಿ ಡಾಕ್ಟರ್, ನರ್ಸ್, ಫಿಸಿಯೋಥೆರಪಿಸ್ಟ್‌ಗಳೇ ಹಂಚಿಕೊಳ್ಳುತ್ತಾರೆ.

ಹಾಗಂತ ಆರ್‌ಟಿ ಸಣ್ಣ ಕೋರ್ಸ್ ಅಲ್ಲ. ಅದೂ ಇಂಟರ್ನ್‌ಶಿಪ್ ಸೇರಿ ನಾಲ್ಕು ವರ್ಷ, ನರ್ಸಿಂಗೂ ನಾಲ್ಕು ವರ್ಷ. ಇಂಥ ಆರೋಗ್ಯ ವೃತ್ತಿಗಳಿಗಾಗಿ ಬಂದ 2021ರ ಅಲೈಡ್ ಹೆಲ್ತ್‌ಕೇರ್ ಕಾಯ್ದೆಯ ಪಟ್ಟಿಯಲ್ಲಿ ರೆಸ್ಪಿರೇಟರಿ ಟೆಕ್ನಾಲಜಿಸ್ಟ್ ಹೆಸರೂ ಇದೆ. ಕೊರೊನಾ ಎರಡನೇ ಅಲೆಯಲ್ಲಿ ವೆಂಟಿಲೇಟರ್ ಇದ್ದೂ ಅದನ್ನು ನಡೆಸುವ ಕೈ ಸಾಲದೆ ನಾವು ಪಟ್ಟ ಪಾಡು ನೆನೆದರೆ ಈಗಲೂ ಹೊಟ್ಟೆ ಹಿಂಡುತ್ತದೆ. ಪ್ರತಿ ಜಿಲ್ಲಾಸ್ಪತ್ರೆಗೂ ಸಾಕಷ್ಟು ಆರ್‌ಟಿಗಳು ಬೇಕೇ ಬೇಕು. ಸರ್ಕಾರ ಹುದ್ದೆ ಕೊಡಬೇಕು. ಆದರೆ ಆ ಹುದ್ದೆ ನಾಳೆ ಬರುತ್ತೆ ಅಂತ ನಂಬಿಸಿ ನನ್ನ ಅಣ್ಣನ ಮಗಳನ್ನು ಸೇರಿಸಲು ನನಗೆ ಮನಸ್ಸು ಬರಲ್ಲ.

ಊರ ಹತ್ತಿರ ಇರಬೇಕು, ಬೇಗ ದುಡಿಯಬೇಕು ಅಂದರೆ ನರ್ಸಿಂಗ್ ಸೇರು ಪುಟ್ಟಿ. ಊರು ಬಿಡಲು ತಯಾರಿದ್ದು, ಉಸಿರಿನ ಲೆಕ್ಕ ನಿಜಕ್ಕೂ ಇಷ್ಟವಾದರೆ ಆರ್‌ಟಿ ಸೇರು. ಯಾವುದಾದರೂ ಸರಿ, ಫೀಸ್ ಕಟ್ಟುವ ಮೊದಲು ಕಾಲೇಜಿಗೆ ರಾಜೀವ್ ಗಾಂಧಿ ಆರೋಗ್ಯ ವಿವಿ ಮಾನ್ಯತೆ ಇದೆಯಾ, ಮಕ್ಕಳನ್ನು ಕಲಿಯಲು ಯಾವ ಆಸ್ಪತ್ರೆಗೆ ಕಳಿಸುತ್ತಾರೆ ಅಂತ ಕೇಳಿ ತಿಳಿದುಕೊ.

ದಾವಣಗೆರೆ, ಚಿತ್ರದುರ್ಗ ಕಡೆ ಆರ್‌ಟಿ ಆಗಿ ಕೆಲಸ ಮಾಡುತ್ತಿರುವವರು ಇದನ್ನು ಓದುತ್ತಿದ್ದರೆ ದಯವಿಟ್ಟು ನನಗೊಂದು ಮೆಸೇಜ್ ಹಾಕಿ. ಹುಡುಗಿ ಜೊತೆ ಅರ್ಧ ಗಂಟೆ ಫೋನಲ್ಲಿ ಮಾತಾಡಿ. ಸಂಬಳ, ರಜೆ, ನೈಟ್, ಯಾವುದನ್ನೂ ಮುಚ್ಚಿಡಬೇಡಿ. ಅಣ್ಣನನ್ನೂ ಪಕ್ಕದಲ್ಲಿ ಕೂರಿಸುತ್ತೇನೆ.