ಎರಡು ವಾರ ಮೊದಲು ಬಂದ ಪತ್ರ

ಮಗಳು ಏಳನೇ ತರಗತಿಯಲ್ಲಿದ್ದಾಗ ಶಾಲೆಯಿಂದ ಒಂದು ಪತ್ರ ಬಂತು. ಇಂಥ ದಿನ ಲೈಂಗಿಕ ಆರೋಗ್ಯದ ಪಾಠ ಶುರುವಾಗುತ್ತದೆ, ಇಂತಿಂಥದ್ದು ಕಲಿಸುತ್ತೇವೆ, ಪುಸ್ತಕ ವಿಡಿಯೊ ಎಲ್ಲವನ್ನೂ ನೀವು ಬಂದು ನೋಡಬಹುದು, ಬೇಡವಾದರೆ ಬರೆದುಕೊಡಿ, ಮಗುವಿಗೆ ಆ ಹೊತ್ತಿನಲ್ಲಿ ಬೇರೆ ಕೆಲಸ ಕೊಡುತ್ತೇವೆ ಎಂದಿತ್ತು. ಕ್ಯಾಲಿಫೋರ್ನಿಯಾಕ್ಕೆ ಬಂದು ಎಷ್ಟೋ ವರ್ಷವಾಗಿದ್ದರೂ ಓದುತ್ತಿದ್ದಂತೆ ಎದೆ ಸ್ವಲ್ಪ ಹೊಡೆದುಕೊಂಡಿತು. ಸಂಜೆ ಹೊತ್ತಿಗೆ ನಮ್ಮ ಕಡೆಯವರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮೆಸೇಜುಗಳ ಮಳೆ. "ಎಲ್ಲರೂ ಸೇರಿ ಬೇಡ ಅಂತ ಬರೆದುಕೊಡೋಣ" ಎಂದರು ಒಬ್ಬರು. ಪುಸ್ತಕ ನೋಡಿದವರು ಯಾರೂ ಇರಲಿಲ್ಲ, ನಾನೂ ಸೇರಿದಂತೆ.

ಹೋಗಿ ನೋಡಿದೆ. ಮೈ ಬದಲಾಗುವ ಬಗೆ, ಮುಟ್ಟು, ಗರ್ಭ ನಿಲ್ಲುವುದು, ಎಚ್‌ಐವಿ, ಗರ್ಭನಿರೋಧಕಗಳು, ಒಪ್ಪಿಗೆ ಅಂದರೇನು, ಯಾರಾದರೂ ಕಾಟ ಕೊಟ್ಟರೆ ಯಾರ ಹತ್ತಿರ ಹೇಳಬೇಕು. ಲೈಂಗಿಕ ಸಂಪರ್ಕದಿಂದ ಹರಡುವ ರೋಗವನ್ನೂ ಬಸಿರನ್ನೂ ತಡೆಯಲು ಸಂಭೋಗದಿಂದ ದೂರವಿರುವುದೊಂದೇ ಪೂರ್ತಿ ಖಚಿತವಾದ ದಾರಿ ಎಂಬ ಮಾತೂ ಇತ್ತು. ಅದನ್ನು ಹೇಳಲೇಬೇಕೆಂದು ಇಲ್ಲಿನ ಕಾನೂನೇ ಹೇಳುತ್ತದೆ, ಗುಂಪಿನಲ್ಲಿ ಗದ್ದಲ ಎಬ್ಬಿಸಿದವರಿಗೆ ಇದು ಗೊತ್ತಿರಲಿಲ್ಲ. ಸಲಿಂಗ ಸಂಬಂಧದ ಪುಟ ಬಂದಾಗ ನಾನೂ ಒಂದು ಗಳಿಗೆ ತಡೆದೆ. ಮಗಳ ತರಗತಿಯಲ್ಲೇ ಇಬ್ಬರು ಅಮ್ಮಂದಿರಿರುವ ಮನೆಯ ಮಗುವೊಂದಿದೆ. ಆ ಮಗುವಿಗೆ ಪುಸ್ತಕದಲ್ಲಿ ಜಾಗ ಬೇಡ ಎನ್ನಲು ಬಾಯಿ ಬರಲಿಲ್ಲ.

2016ರ ಜನವರಿಯಿಂದ ಜಾರಿಯಲ್ಲಿರುವ ಈ ಕಾನೂನಿನ ಪ್ರಕಾರ ಸರ್ಕಾರಿ ಶಾಲೆಯ ಮಕ್ಕಳಿಗೆ ಏಳರಿಂದ ಹನ್ನೆರಡನೇ ತರಗತಿಯೊಳಗೆ ಎರಡು ಸಲವಾದರೂ, ಮಿಡ್ಲ್ ಸ್ಕೂಲಿನಲ್ಲೊಮ್ಮೆ, ಹೈಸ್ಕೂಲಿನಲ್ಲೊಮ್ಮೆ, ಈ ಪಾಠ ಆಗಲೇಬೇಕು. ಹೇಳುವುದೆಲ್ಲ ವೈದ್ಯಕೀಯವಾಗಿ ಸರಿಯಾಗಿರಬೇಕು, ಯಾವ ಧರ್ಮದ ಬೋಧನೆಯೂ ನುಸುಳಬಾರದು. ಸಾಮಾನ್ಯವಾಗಿ ವರ್ಷದ ಮೊದಲಿಗೇ ಪೋಷಕರಿಗೆ ತಿಳಿಸುತ್ತಾರೆ, ಹೊರಗಿನವರು ಬಂದು ಪಾಠ ಮಾಡುವುದು ಆಮೇಲೆ ಗೊತ್ತಾದರೆ ಕನಿಷ್ಠ 14 ದಿನ ಮುಂಚೆ ಹೇಳಬೇಕು. ನಮಗೆ ಬಂದದ್ದು ಎರಡನೆಯ ಬಗೆಯ ಪತ್ರ.

ಇಷ್ಟು ಹೇಳಿದರೆ ಅಮೆರಿಕ ಪೂರ್ತಿ ಹೀಗೇ ಅಂದುಕೊಳ್ಳುತ್ತಾರೆ ಊರಿನಲ್ಲಿ. ಇಲ್ಲಿ ಇಡೀ ದೇಶಕ್ಕೆ ಒಂದೇ ನಿಯಮ ಇಲ್ಲ. ಲೈಂಗಿಕ ಶಿಕ್ಷಣಕ್ಕೆ 'ರಾಷ್ಟ್ರೀಯ ಮಾನದಂಡ' ಎಂಬ ಹೆಸರಿನದೊಂದು ಇದೆ, 2012ರಲ್ಲಿ ಬಂದು 2020ರಲ್ಲಿ ಪರಿಷ್ಕರಣೆಯಾಯಿತು. ಅದನ್ನು ಮಾಡಿದ್ದು ಸರ್ಕಾರೇತರ ಸಂಸ್ಥೆಗಳು, ಯಾವ ರಾಜ್ಯವೂ ಪಾಲಿಸಬೇಕೆಂದೇನಿಲ್ಲ. ಇಲಿನಾಯ್ 2021ರಲ್ಲಿ ಅದನ್ನೇ ಒಪ್ಪಿಕೊಂಡಿತು, ಆದರೆ ಪಾಠ ಮಾಡಬೇಕೋ ಬೇಡವೋ ಎಂಬುದನ್ನು ಊರೂರ ಶಾಲಾ ಮಂಡಳಿಗೇ ಬಿಟ್ಟಿತು. ಟೆಕ್ಸಾಸಿನಲ್ಲಂತೂ ಲೆಕ್ಕ ತಿರುಗುಮುರುಗು. ಅಲ್ಲಿ ಬೇಕು ಎನ್ನುವ ಪೋಷಕರು ಸಹಿ ಹಾಕಿ ಕೊಟ್ಟರೆ ಮಾತ್ರ ಮಗು ಆ ತರಗತಿಯಲ್ಲಿ ಕೂರಬಹುದು. ನಮ್ಮ ಪಕ್ಕದ ಫ್ರೀಮಾಂಟಿನಲ್ಲಿ 2018ರಲ್ಲಿ ಪೋಷಕರು ಗಲಾಟೆ ಮಾಡಿ ನಾಲ್ಕರಿಂದ ಆರನೇ ತರಗತಿಯ ಪಾಠವನ್ನು ನಿಲ್ಲಿಸಿದರು. ಏಳಕ್ಕಿಂತ ಕೆಳಗೆ ಕಾನೂನಿನ ಕಡ್ಡಾಯ ಇಲ್ಲವಾದ್ದರಿಂದ ಅದು ಸಾಧ್ಯವಾಯಿತು.

ಸಹಿ ಯಾರು ಹಾಕಬೇಕು ಅನ್ನುವುದು ಸಣ್ಣ ವಿಷಯದಂತೆ ಕಾಣುತ್ತದೆ. ಆದರೆ ಮನೆಯೊಳಗೇ ಯಾರೋ ಮೈಮೇಲೆ ಕೈ ಹಾಕುತ್ತಿರುವ ಮಗುವನ್ನು ನೆನೆಸಿಕೊಳ್ಳಿ. ಆ ಮನೆಯಿಂದ 'ಬೇಕು' ಎಂಬ ಸಹಿ ಬರುತ್ತದೆಯೇ? ಶಾಲೆಯ ಚೀಟಿ ಎಷ್ಟೋ ಸಲ ಬ್ಯಾಗಿನ ತಳದಲ್ಲೇ ಉಳಿದುಬಿಡುತ್ತದೆ. ಚೀಟಿ ಮರೆತ ಮನೆಯ ಮಗು ಇಲ್ಲಿ ಪಾಠ ಕೇಳುತ್ತದೆ, ಟೆಕ್ಸಾಸಿನಲ್ಲಿ ಹೊರಗೆ ಕೂರುತ್ತದೆ.

ಹಾಸನದ ಕಡೆಯ ಸರ್ಕಾರಿ ಹೈಸ್ಕೂಲಿನಲ್ಲಿ ನಮ್ಮ ಭಾವ ವಿಜ್ಞಾನದ ಮೇಷ್ಟ್ರು. ಫೋನಿನಲ್ಲಿ ಕೇಳಿದೆ.

"ಭಾವ, ಹತ್ತನೇ ಕ್ಲಾಸಿನ ಆ ಪಾಠ ಹೇಗೆ ಮಾಡ್ತೀರಿ?"

"ಹೂವಿನ ಪರಾಗಸ್ಪರ್ಶ ಮೂರು ಪೀರಿಯಡ್ ಮಾಡ್ತೀನಿ ಕಣೋ. ಮನುಷ್ಯರದ್ದು ಬಂದಾಗ ಚಿತ್ರ ಬರೆಸಿ, ಭಾಗ ಗುರುತಿಸೋದು ಕಲಿತ್ಕೊಳ್ಳಿ, ಉಳಿದದ್ದು ನೀವೇ ಓದ್ಕೊಳ್ಳಿ ಅಂತೀನಿ."

ನಾನು ನಕ್ಕೆ. ಅವರು ನಗಲಿಲ್ಲ. "ಪುಸ್ತಕದಲ್ಲಿ ಎಲ್ಲಾ ಇದೆಯಪ್ಪಾ. ಕಾಂಡೋಮ್ ಇದೆ, ಕಾಪರ್-ಟಿ ಇದೆ, ಗೊನೋರಿಯಾ ಇದೆ. ನಾನು ಬಾಯಿಬಿಟ್ಟು ವಿವರಿಸಿ, ನಾಳೆ ಯಾವಳೋ ಹುಡುಗಿ ಮನೇಲಿ 'ಮೇಷ್ಟ್ರು ಹಿಂಗಂದ್ರು' ಅಂದ್ರೆ ಶಾಲಾಭಿವೃದ್ಧಿ ಸಮಿತಿಯವರು, ಅದೇ ಎಸ್‌ಡಿಎಂಸಿಯವರು, ಗೇಟಿನ ಹತ್ರ ಬರ್ತಾರೆ. ಬಿಇಒ ಆಫೀಸು ನನ್ನ ಪರ ನಿಲ್ಲುತ್ತಾ?"

ಅಲ್ಲಿಯವರೆಗೆ ಆ ಪತ್ರ ನನಗಾಗಿ ಬಂದದ್ದು ಎಂದುಕೊಂಡಿದ್ದೆ. ಅದು ಮೇಷ್ಟ್ರ ತಲೆಮೇಲಿನ ಕೊಡೆ ಎಂಬುದು ಆಗ ಹೊಳೆಯಿತು. ಇಲ್ಲಿನ ಟೀಚರಮ್ಮ ನಿರ್ಭಯವಾಗಿ ಪಾಠ ಮಾಡುತ್ತಾರಾದರೆ ಅವರು ನಮ್ಮ ಭಾವನಿಗಿಂತ ಧೈರ್ಯಸ್ಥರೇನಲ್ಲ. ಕಾನೂನು ಹೇಳಿದೆ, ಮನೆಗೆ ಮೊದಲೇ ತಿಳಿಸಿದೆ, ನೋಡಬೇಕೆಂದವರು ನೋಡಿದ್ದಾರೆ. ಆಮೇಲೆ ಯಾರಾದರೂ ಕೂಗಾಡಿದರೆ ಅದಕ್ಕೆ ಶಾಲೆ ಉತ್ತರ ಕೊಡುತ್ತದೆ. ನಮ್ಮಲ್ಲಿ ಪುಸ್ತಕ ಅಚ್ಚು ಮಾಡಿ ಕೈಗಿಟ್ಟು, ಮೇಷ್ಟ್ರನ್ನು ಒಬ್ಬಂಟಿಯಾಗಿ ಕರಿಹಲಗೆ ಮುಂದೆ ನಿಲ್ಲಿಸುತ್ತೇವೆ.

ಈ ಭಯಕ್ಕೆ ಕಾರಣವೂ ಇದೆ. 2005ರಲ್ಲಿ ಕೇಂದ್ರ ಸರ್ಕಾರ ಏಡ್ಸ್ ನಿಯಂತ್ರಣ ಸಂಸ್ಥೆ ನ್ಯಾಕೋ ಜೊತೆ ಸೇರಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮ ತಂದಾಗ ಹಲವು ರಾಜ್ಯಗಳು ಕೆರಳಿದವು. 2007ರಲ್ಲಿ ಅದನ್ನು ಬೇಡವೆಂದವರ ಸಾಲಿನಲ್ಲಿ ಮಹಾರಾಷ್ಟ್ರ, ಮಧ್ಯಪ್ರದೇಶದ ಜೊತೆ ಕರ್ನಾಟಕವೂ ಇತ್ತು. 2009ರಲ್ಲಿ ವೆಂಕಯ್ಯ ನಾಯ್ಡು ಅಧ್ಯಕ್ಷತೆಯ ರಾಜ್ಯಸಭೆಯ ಅರ್ಜಿ ಸಮಿತಿ, ಶಾಲೆಯಲ್ಲಿ ಲೈಂಗಿಕ ಶಿಕ್ಷಣ ಕೂಡದು ಎಂದಿತು. ಕಾರಣ ಕೇಳಿದರೆ ನಮ್ಮ ಸಂಸ್ಕೃತಿ.

ಸಂಸ್ಕೃತಿ ಎಂದಾಗಲೆಲ್ಲ ನನಗೆ ನಮ್ಮ ಚಿಕ್ಕಪ್ಪನ ಮಗಳು ದೊಡ್ಡವಳಾದ ದಿನ ನೆನಪಾಗುತ್ತದೆ. ಬೀದಿಯವರಿಗೆಲ್ಲ ಕರೆ ಹೋಯಿತು, ಹಸೆಗೆ ಕೂರಿಸಿ ಆರತಿ ಎತ್ತಿದರು, ಚಿಗಳಿ ಹಂಚಿದರು. ಬಸ್ ಸ್ಟ್ಯಾಂಡಿನ ಹೂವಿನವಳಿಗೂ ವಿಷಯ ಗೊತ್ತಾಯಿತು. ಏನಾಯಿತು, ಯಾಕಾಯಿತು ಎಂಬುದು ಗೊತ್ತಿರದಿದ್ದವಳು ಆ ಹುಡುಗಿ ಒಬ್ಬಳೇ. ಹಾಗಾಗಿ ನಮ್ಮದು ಗುಟ್ಟಿನ ಸಂಸ್ಕೃತಿ ಎಂಬ ಮಾತು ನನಗೆ ಒಪ್ಪಿಗೆಯಿಲ್ಲ. ಹುಡುಗರಾದ ನಮಗೆ ಆರತಿಯೂ ಇಲ್ಲ, ಪಾಠವೂ ಇಲ್ಲ. ಬಸ್ ಸ್ಟ್ಯಾಂಡಿನ ಗೋಡೆಯ ಮೇಲಿನ 'ಗುಪ್ತರೋಗ' ಜಾಹೀರಾತೇ ನಮ್ಮ ಪಠ್ಯಪುಸ್ತಕ.

ಗೊತ್ತಿಲ್ಲದಿರುವುದರ ಬೆಲೆ ಈಗ ಇನ್ನೂ ಹೆಚ್ಚು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡಲು ಬಂದ 2012ರ ಪೋಕ್ಸೊ ಕಾಯ್ದೆಯ ಕೆಳಗೆ ಹದಿನೆಂಟು ತುಂಬದವರ ಒಪ್ಪಿಗೆಗೆ ಬೆಲೆಯಿಲ್ಲ. ಪ್ರೀತಿಸಿ ಓಡಿಹೋದ ಹುಡುಗನಿಗೆ ಇದು ಮೊದಲ ಸಲ ತಿಳಿಯುವುದು ಪೊಲೀಸ್ ಠಾಣೆಯಲ್ಲಿ. 2022ರ ನವೆಂಬರಿನಲ್ಲಿ ಹೈಕೋರ್ಟಿನ ಧಾರವಾಡ ಪೀಠ, ಒಂಬತ್ತನೇ ತರಗತಿಯಿಂದಾದರೂ ಮಕ್ಕಳಿಗೆ ಈ ಕಾಯ್ದೆ ಬಗ್ಗೆ ತಿಳಿಸಿ ಎಂದು ಶಿಕ್ಷಣ ಇಲಾಖೆಗೆ ಸೂಚಿಸಿತು. ಅಂದಹಾಗೆ, 'ಅಮೆರಿಕದಲ್ಲಿ ಎಲ್ಲಾ ಬಿಟ್ಟುಬಿಟ್ಟಿದ್ದಾರೆ' ಎನ್ನುವವರಿಗೆ ಒಂದು ಮಾತು: ಕ್ಯಾಲಿಫೋರ್ನಿಯಾದಲ್ಲೂ ಒಪ್ಪಿಗೆಯ ವಯಸ್ಸು ಹದಿನೆಂಟೇ.

ಹೊಸ ಪಠ್ಯ, ಹೊಸ ಸಮಿತಿ ಯಾವುದೂ ಸದ್ಯಕ್ಕೆ ಬೇಡ ಎಂಬುದು ನನ್ನ ಅನಿಸಿಕೆ. ಇಲಾಖೆಯಿಂದ ಒಂದು ಸುತ್ತೋಲೆ ಬರಲಿ. ಪಾಠಕ್ಕೆ ಎರಡು ವಾರ ಮೊದಲು ಎಸ್‌ಡಿಎಂಸಿ ಸಭೆಯಲ್ಲಿ ಪುಸ್ತಕ ತೆರೆದು ತೋರಿಸಲಿ, ಪ್ರತಿ ಮನೆಗೂ ಕನ್ನಡದಲ್ಲಿ ಒಂದು ಪತ್ರ ಹೋಗಲಿ. ಬೇಡ ಎನ್ನುವವರು ಬರೆದುಕೊಡಲಿ. ಸುಮ್ಮನಿದ್ದವರ ಮಕ್ಕಳು ತರಗತಿಯಲ್ಲೇ ಇರಲಿ.

ನಮಗೆ ಬಂದ ಪತ್ರವನ್ನೇ ಮುಂದಿಟ್ಟುಕೊಂಡು ಕನ್ನಡದಲ್ಲಿ ಒಂದು ಮಾದರಿ ಬರೆದು ಭಾವನಿಗೆ ಕಳಿಸಿದೆ. ಎರಡು ದಿನ ಬಿಟ್ಟು ಫೋನ್ ಮಾಡಿದರು. "ಹೆಡ್‌ಮಾಸ್ಟರಿಗೆ ತೋರಿಸ್ದೆ. ಒಂದ್ಸಲ ಪ್ರಯತ್ನ ಮಾಡಿ ನೋಡೋಣ ಅಂದ್ರು. ಆದ್ರೆ ತಲೆಬರಹದಲ್ಲಿ 'ಲೈಂಗಿಕ' ಅನ್ನೋದು ತೆಗೆದು ಬರೀ 'ಆರೋಗ್ಯ' ಅಂತ ಹಾಕು."

ಮೊದಲು ಸಿಟ್ಟು ಬಂತು. ಆಮೇಲೆ ಇಲ್ಲಿನ ಕಾನೂನಿನ ಹೆಸರು ನೆನಪಾಯಿತು: 'ಕ್ಯಾಲಿಫೋರ್ನಿಯಾ ಹೆಲ್ದಿ ಯೂತ್ ಆ್ಯಕ್ಟ್'. ಅದರಲ್ಲೂ ಆ ಪದ ಇಲ್ಲ. ತೆಗೆದು ಕಳಿಸಿದೆ.